ಅಪ್‌ಡೇಟ್: ಪ್ರೊಸೆಸರ್ ಬದಲಿಸಿದ ಲ್ಯಾಪ್‌ಟಾಪ್ ಕೊನೆಗೂ ಆನ್ ಆಯ್ತು

ಹೋದ ವಾರ ಕೇಳಿದ್ದೆನಲ್ಲ, ಹಳೇ ಲ್ಯಾಪ್‌ಟಾಪಿನ ಇಂಟೆಲ್ ಎರಡನೇ ತಲೆಮಾರಿನ ಪ್ರೊಸೆಸರ್ ಐ5-2410ಎಂ ತೆಗೆದು ಮೂರನೇ ತಲೆಮಾರಿನ ಐ7-3612ಕ್ಯೂಎಂ ಹಾಕಿದ್ದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ರ‍್ಯಾಮ್ ಬಿಚ್ಚಿ ಹಾಕಿದೆ, ಸಿಮಾಸ್ ಬ್ಯಾಟರಿ (ಸೆಟ್ಟಿಂಗ್ ಉಳಿಸುವ ಪುಟ್ಟ ಬ್ಯಾಟರಿ) ತೆಗೆದಿಟ್ಟೆ. ಏನೂ ಆಗಲಿಲ್ಲ. ಚಿಪ್ ತಿರುಗಿಸಿ ಬೆಳಕಿಗೆ ಹಿಡಿದು ಪಿನ್ನುಗಳನ್ನು ನೋಡಿದೆ. ಒಂದೂ ಬಾಗಿರಲಿಲ್ಲ. ಹಳೇ ಚಿಪ್ ಹಾಕಿದ ಕೂಡಲೇ ಆನ್! ಅಂದರೆ ಬೋರ್ಡ್ ಸರಿ ಇದೆ.

ತಪ್ಪು ನನ್ನದೇ. ಸಾಕೆಟ್ (ಚಿಪ್ ಕೂರುವ ಜಾಗ) ಒಂದೇ ಆದರೆ ಸಾಕು ಅಂತ ಸುಮ್ನೆ ನಂಬಿದ್ದೆ. ಎರಡನೇ, ಮೂರನೇ ತಲೆಮಾರು ಎರಡೂ ಜಿ2 ಸಾಕೆಟ್‌ನಲ್ಲಿ ಕೂರುತ್ತವೆ, ಆದರೆ ಬಯೋಸ್‌ಗೂ (ಆನ್ ಮಾಡಿದಾಗ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್) ಆ ಚಿಪ್ ಗೊತ್ತಿರಬೇಕು ಅಲ್ವಾ? ಹೊಸ ಬಯೋಸ್ ಹಾಕೋಣ ಅಂದರೆ ಮಂಗಳೂರಿನ ಮಳೆ, ಗಳಿಗೆಗೊಮ್ಮೆ ಕರೆಂಟ್ ಹೋಗುತ್ತಿತ್ತು. ಬಯೋಸ್ ಹಾಕುವಾಗ ಅರ್ಧಕ್ಕೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು, ನನ್ನ ಲ್ಯಾಪ್‌ಟಾಪ್ ಬ್ಯಾಟರಿಯೋ ಸತ್ತು ವರ್ಷವಾಗಿದೆ. ಕೊನೆಗೆ ಯುಪಿಎಸ್ ಇರುವ ಗೆಳೆಯನ ಮನೆಯಲ್ಲಿ, ಕದ್ರಿಯಲ್ಲಿ, ಕೂತು ಹಾಕಿದೆವು. ಆಗಲೂ ಕಪ್ಪೇ. ಕಂಪನಿ ಈ ಮಾಡೆಲ್‌ಗೆ ಮೂರನೇ ತಲೆಮಾರಿನ ಬೆಂಬಲ ಕೊಟ್ಟೇ ಇಲ್ಲ.

ನಿನ್ನೆ ಹಂಪನಕಟ್ಟೆಯಲ್ಲಿ ಎರಡನೇ ತಲೆಮಾರಿನದೇ ಸೆಕೆಂಡ್ ಹ್ಯಾಂಡ್ ಐ7-2640ಎಂ ಸಿಕ್ಕಿತು. ಎರಡೇ ಕೋರ್, ಆದರೆ ಹಳೇದರಂತೆ 35 ವ್ಯಾಟ್, ಹಾಗಾಗಿ ಚಿಪ್ಪಿನ ಬಿಸಿ ಎಳೆಯುವ ಹೀಟ್‌ಸಿಂಕ್‌ಗೆ ಹೊರೆ ಜಾಸ್ತಿ ಇಲ್ಲ. ಮೂಲೆಯ ತ್ರಿಕೋನ ಗುರುತು ಹೊಂದಿಸಿ, ಸಾಕೆಟ್ ಸ್ಕ್ರೂ ತಿರುಗಿಸಿ, ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚಿ ಬಟನ್ ಒತ್ತಿದೆ. ಮೊದಲ ಸಲಕ್ಕೇ ಲೋಗೋ ಬಂತು.

ಆ 3612ಕ್ಯೂಎಂ ಮಾರಾಟಕ್ಕಿದೆ. ಬೇಕಾದವರು ಮೊದಲು ಬಯೋಸ್ ನೋಡಿಕೊಂಡು ಕೇಳಿ.