ನರಸಿಂಹರಾವ್ ಮತ್ತು ವಾಜಪೇಯಿ: ಯಾವ ಅಳತೆಯಿಂದ ಹೋಲಿಸಬೇಕು?

ಬಂಗಾರಪೇಟೆಯ ಅಧ್ಯಾಪಕಿ (ಪ್ರಶ್ನೆ):
ನಮ್ಮ ಕಾಲೇಜಿನ ರಾಜ್ಯಶಾಸ್ತ್ರ ವಿದ್ಯಾರ್ಥಿಗಳು ‘ಯಾರು ದೊಡ್ಡವರು’ ಎಂಬ ಚರ್ಚೆಗಾಗಿ ಪಿ. ವಿ. ನರಸಿಂಹರಾವ್ ಮತ್ತು ಅಟಲ್ ಬಿಹಾರಿ ವಾಜಪೇಯಿ ಅವರನ್ನು ಆರಿಸಿಕೊಂಡಿದ್ದಾರೆ. ಒಬ್ಬರು 1991ರಲ್ಲಿ ಬಹುಮತವಿಲ್ಲದ ಸರ್ಕಾರ ರಚಿಸಿದರು. ಇನ್ನೊಬ್ಬರು 1998ರಿಂದ 2004ರವರೆಗೆ ಮೈತ್ರಿಕೂಟವನ್ನು ಮುನ್ನಡೆಸಿದರು. ಮಕ್ಕಳಿಗೆ ಉದಾರೀಕರಣ, ಪೋಖ್ರಾನ್ (ಪರಮಾಣು ಪರೀಕ್ಷೆಯ ಸ್ಥಳ) ಎಂಬ ಎರಡು ಪದಗಳಷ್ಟೇ ಗೊತ್ತಿವೆ. ನಮ್ಮ ಸೀಮೆಯ ಬದುಕಿನಲ್ಲಿ ಇಬ್ಬರ ಗುರುತು ಎಲ್ಲಿದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮುಳಬಾಗಿಲಿನ ಮಾಜಿ ಪಂಚಾಯತಿ ಸದಸ್ಯ:
ಮೇಡಂ, ಉದಾರೀಕರಣಕ್ಕಿಂತ ಮೊದಲು ಪಂಚಾಯತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಯನ್ನು ಮಕ್ಕಳ ಮುಂದಿಡಿ. ಕರ್ನಾಟಕದ 1983ರ ಪಂಚಾಯತಿ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಾಗಿತ್ತೆಂಬುದು ನಮ್ಮ ಹೆಮ್ಮೆಯೇ ಸರಿ. ಆದರೆ ಚುನಾವಣೆಯನ್ನು ಮುಂದೂಡುತ್ತಾ ಹೋಗುವ ಅವಕಾಶ ಸರ್ಕಾರಗಳ ಕೈಯಲ್ಲೇ ಇತ್ತು. ಇದನ್ನು ತಪ್ಪಿಸಲು ಹೊರಟ ರಾಜೀವ್ ಗಾಂಧಿ ಅವರ ಕಾಲದ ಪಂಚಾಯತಿ ಮಸೂದೆ 1989ರಲ್ಲಿ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಅಂಥ ಮಸೂದೆಗೆ ರಾವ್ ಸರ್ಕಾರ 1992ರ ಡಿಸೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು, 1993ರ ಏಪ್ರಿಲ್ 24ರಿಂದ ಜಾರಿಗೆ ತಂದಿತು. ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗ ಸ್ಥಾನ ಇಂದು ಯಾರೂ ಕಿತ್ತುಕೊಳ್ಳಲಾಗದ ಹಕ್ಕುಗಳಾಗಿವೆ. 1992ರ ಅದೇ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿತು. ಸದ್ದಿಲ್ಲದೆ ಕೆಲಸ ಮಾಡಿಸಿದ ರಾವ್ ಅವರ ಮೌನವೇ ಅಂದು ದೇಶಕ್ಕೆ ದುಬಾರಿಯಾಯಿತೆಂದು ನನ್ನ ದೃಢ ಅಭಿಪ್ರಾಯ.

ಶಿರಾದ ಓದುಗ:
ವಾಜಪೇಯಿ ಅವರ ಗುರುತನ್ನು ನಾವು ಹುಡುಕಬೇಕಿಲ್ಲ. ತುಮಕೂರು, ಶಿರಾ ದಾಟಿ ಚಿತ್ರದುರ್ಗದತ್ತ ಸಾಗುವ ಹೆದ್ದಾರಿ ನಾಲ್ಕು ಮಹಾನಗರಗಳನ್ನು ಜೋಡಿಸುವ ಅವರ ಸುವರ್ಣ ಚತುಷ್ಕೋನ ಯೋಜನೆಯಲ್ಲೇ ನಾಲ್ಕು ಪಥವಾಯಿತು. 2000ರ ಡಿಸೆಂಬರ್ 25ರಂದು ಆರಂಭವಾದ, ಹಳ್ಳಿಗಳಿಗೆ ರಸ್ತೆ ಕಲ್ಪಿಸುವ ಗ್ರಾಮ ಸಡಕ್ ಯೋಜನೆಯನ್ನು ನಾನು ಅದಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ. ಆದರೂ ಇಬ್ಬರನ್ನು ಎದುರಾಳಿಗಳಂತೆ ನಿಲ್ಲಿಸುವುದು ಸರಿಯಲ್ಲ. 1994ರಲ್ಲಿ ಕಾಶ್ಮೀರದ ವಿಷಯ ಜಿನೀವಾದ ಮಾನವ ಹಕ್ಕುಗಳ ಆಯೋಗದ ಮುಂದೆ ಬಂದಾಗ, ಭಾರತದ ನಿಯೋಗದ ನಾಯಕತ್ವವನ್ನು ರಾವ್ ವಹಿಸಿದ್ದು ಆಗ ವಿರೋಧ ಪಕ್ಷದ ನಾಯಕರಾಗಿದ್ದ ವಾಜಪೇಯಿ ಅವರಿಗೆ. 1995ರಲ್ಲಿ ರಾವ್ ಸಿದ್ಧಗೊಳಿಸಿ ಕೈಬಿಟ್ಟ ಪರಮಾಣು ಪರೀಕ್ಷೆಯನ್ನು 1998ರ ಮೇ ತಿಂಗಳಲ್ಲಿ ನಡೆಸಿದವರು ವಾಜಪೇಯಿ. 2002ರ ಗುಜರಾತ್ ಗಲಭೆಯ ಬಳಿಕ ರಾಜಧರ್ಮದ, ಅಂದರೆ ಆಳುವವರ ಕರ್ತವ್ಯದ, ಮಾತನ್ನಾಡಿ, ಅದಕ್ಕೆ ತಕ್ಕ ಕ್ರಮ ಕೈಗೊಳ್ಳದೆ ಉಳಿದದ್ದು ಅವರ ಲೆಕ್ಕಕ್ಕೂ ಸೇರಬೇಕು.

ಕೆಜಿಎಫ್ ನಿವಾಸಿ:
ನಮ್ಮೂರನ್ನು ಬಿಟ್ಟು ಈ ಹೋಲಿಕೆ ಪೂರ್ಣವಾಗುವುದಿಲ್ಲ. 1991ರ ಜುಲೈನಲ್ಲಿ ವಿದೇಶಿ ವಿನಿಮಯದ ಕೊರತೆ ನೀಗಲು ಸುಮಾರು 47 ಟನ್ ಚಿನ್ನವನ್ನು ಅಡವಿಟ್ಟ ದೇಶ, 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಯನ್ನು ಮುಚ್ಚಿತು. ಗಣಿ ಬಹಳ ಕಾಲದಿಂದ ನಷ್ಟದಲ್ಲಿತ್ತು, ಮೂರು ಸಾವಿರ ಮೀಟರಿಗೂ ಆಳದಿಂದ ಅದಿರು ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು, ಇವೆಲ್ಲ ನಿಜ. ನಷ್ಟದಲ್ಲಿ ಮುಳುಗಿದ ಉದ್ದಿಮೆಗಳ ಭವಿಷ್ಯ ತೀರ್ಮಾನಿಸುವ ಕೇಂದ್ರದ ಮಂಡಳಿಯ ಮುಂದೆ ಅದು ಹೋದದ್ದು ರಾವ್ ಕಾಲದಲ್ಲಿ, ಬಾಗಿಲು ಹಾಕಿದ್ದು ವಾಜಪೇಯಿ ಕಾಲದಲ್ಲಿ. ನೀರು, ಮನೆ, ಆಸ್ಪತ್ರೆ ಎಲ್ಲವೂ ಗಣಿಯನ್ನೇ ನಂಬಿದ್ದ ಊರಿಗೆ ಬದಲಿ ದಾರಿಯನ್ನು ಇಬ್ಬರೂ ತೋರಿಸಲಿಲ್ಲ. ಸುಧಾರಣೆಯ ಚರ್ಚೆಯಲ್ಲಿ ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಎತ್ತಲೇಬೇಕು.

ಬಂಗಾರಪೇಟೆಯ ಅಧ್ಯಾಪಕಿ:
ಎಲ್ಲರಿಗೂ ಕೃತಜ್ಞತೆಗಳು. ಯಾರು ದೊಡ್ಡವರು ಎಂಬ ಶೀರ್ಷಿಕೆಯನ್ನು ಕೈಬಿಟ್ಟು, 1992ರ ಡಿಸೆಂಬರ್ ಮತ್ತು 2001ರ ಫೆಬ್ರವರಿ ಎಂಬ ಎರಡು ತಿಂಗಳುಗಳ ಮೇಲೆ ಚರ್ಚೆ ಏರ್ಪಡಿಸುತ್ತೇನೆ.