ವಾರ್ಡಿನ ಡಾಕ್ಟರ್ ಬದಲಾದರು, ಅಪ್ಪ ಸೋಲಾಪುರಕ್ಕೆ ಹೋಗೋಣ ಅಂತಾರೆ

ಕೇಳಿದವರು, ಕಲಬುರಗಿ:
ಅಪ್ಪನಿಗೆ ಶುಗರ್. ಕಾಲಲ್ಲಿ ಹುಣ್ಣಾಗಿ ಇಲ್ಲಿನ ಒಂದು ದವಾಖಾನೆಯ ಸರ್ಜರಿ ವಾರ್ಡಿಗೆ ಸೇರಿಸಿ 12 ದಿನ ಆಯ್ತು. ದಿನಾ ನೋಡುತ್ತಿದ್ದ ಹೌಸ್ ಸರ್ಜನ್ ಸೋಮವಾರದಿಂದ ಇಲ್ಲ. ಹೊಸಬರು ಬಂದು ಎಲ್ಲ ಮೊದಲಿನಿಂದ ಕೇಳುತ್ತಿದ್ದಾರೆ. "ಇವರಿಗೇನೂ ಗೊತ್ತಿಲ್ಲ, ಸೋಲಾಪುರಕ್ಕೆ ನಡಿ" ಅಂತ ಅಪ್ಪ ಹಟ ಹಿಡಿದಿದ್ದಾರೆ, ಸರಿಯಾಗಿ ಊಟಾನೂ ಮಾಡುತ್ತಿಲ್ಲ. ಕರಕೊಂಡು ಹೋಗಲಾ?

ಸೇಡಂನಿಂದ ಒಬ್ಬರು:
ಅವಸರ ಮಾಡಬೇಡಿ ಅಣ್ಣಾ. ನಮ್ಮ ಅವ್ವನಿಗೂ ಇದೇ ಆಗಿತ್ತು. ಔಷಧ ಒಂದೂ ಬದಲಾಗಲಿಲ್ಲ, ಬದಲಾಗಿದ್ದು ಡ್ರೆಸಿಂಗ್. ಮೊದಲಿದ್ದ ಡಾಕ್ಟರಮ್ಮ ಬ್ಯಾಂಡೇಜ್ ಮೇಲೆ ಸಲೈನ್ ಸುರಿದು, ಅದು ನೆನೆಯೋವರೆಗೆ ಪಕ್ಕದ ಮಂಚದವರನ್ನು ನೋಡಿ ಬಂದು, ಆಮೇಲೆ ನಿಧಾನಕ್ಕೆ ಬಿಡಿಸುತ್ತಿದ್ದರು. ಹೊಸಬರು ಒಣಗಿದ್ದನ್ನೇ ಎಳೆದುಬಿಟ್ಟರು. ಅವ್ವ ಕೂಗಿದ್ದು ವರಾಂಡದವರೆಗೆ ಕೇಳಿಸಿತು. ಅವರೇನೂ ಕೆಟ್ಟವರಲ್ಲ, ಕೇಸ್ ಶೀಟಿನಲ್ಲಿ ದಿನಾ ಡ್ರೆಸಿಂಗ್ ಅಂತಷ್ಟೇ ಇತ್ತು, ನೆನೆಸಿ ಬಿಡಿಸಿ ಅಂತ ಯಾರು ಬರೀತಾರೆ ಹೇಳಿ? ಮರುದಿನ "ಸರ್, ಮೊದಲು ನೆನೆಸ್ತಿದ್ರು" ಅಂದೆ. ನೆನೆಸಿದರು, ಮುಗೀತು. ಆಮೇಲೆ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡೋಕೆ ಶುರು ಮಾಡಿದೆ: ಯಾವ ಇಂಜೆಕ್ಷನ್‌ಗೆ ಮೈ ತುರಿಸಿತು, ಶುಗರ್ ಎಷ್ಟು, ನಾಳೆ ಏನು ಅಂತ ಹೇಳಿದರು.

ಬೀದರಿನಲ್ಲಿ ಹೌಸ್ ಸರ್ಜನ್ ಆಗಿದ್ದವರು:
ಇದು ಆ ಹುಡುಗನ ತಪ್ಪಲ್ಲ. ಎಂಬಿಬಿಎಸ್ ಓದು ಮುಗಿದ ಮೇಲಿನ ತರಬೇತಿ, ಅಂದರೆ ಹೌಸ್ ಸರ್ಜನ್ಸಿ 12 ತಿಂಗಳು, 2021ರ ನಿಯಮದ ಪ್ರಕಾರ ಸರ್ಜರಿಗೆ 6 ವಾರ, ಮಕ್ಕಳ ವಿಭಾಗಕ್ಕೆ 3, ಮೂಳೆ ವಿಭಾಗಕ್ಕೆ ಬರೀ 2 ವಾರ. ಮುಖ ಪರಿಚಯ ಆಗೋ ಹೊತ್ತಿಗೆ ಗಂಟುಮೂಟೆ ಕಟ್ಟಬೇಕು. ಪಿಜಿಗಳು (ಎಂಬಿಬಿಎಸ್ ಮುಗಿಸಿ ಮುಂದೆ ಓದೋ ಡಾಕ್ಟರ್‌ಗಳು) 3 ವರ್ಷ ಇದ್ದರೂ ನಡುವೆ 3 ತಿಂಗಳು ಜಿಲ್ಲಾ ಆಸ್ಪತ್ರೆ ಪೋಸ್ಟಿಂಗ್. ಯೂನಿಟ್ ಚೀಫ್, ಅಂದರೆ ಈ ಡಾಕ್ಟರ್‌ಗಳ ತಂಡದ ಹಿರಿಯರು, ಮಾತ್ರ ಹೀಗೆ ವಾರವಾರಕ್ಕೆ ಬದಲಾಗಲ್ಲ, ಚಿಕಿತ್ಸೆ ತೀರ್ಮಾನ ಅವರದ್ದೇ. ಯಾವ ಯೂನಿಟ್ ಅಂತ ತಿಳಕೊಳ್ಳಿ, ಅವರ ರೌಂಡ್ಸ್‌ನಲ್ಲಿ ಕೇಳಿ.

ಮತ್ತೆ ಮೊದಲಿನಿಂದ ಕೇಳ್ತಾರೆ ಅಂತ ಬೇಜಾರಾಗಬೇಡಿ. ಹಾಗೆ ಕೇಳಿದ್ದಕ್ಕೇ ಒಬ್ಬ ಅಜ್ಜ ದಿಂಬಿನ ಕೆಳಗೆ ನಾಟಿ ಔಷಧ ಇಟ್ಟುಕೊಂಡಿದ್ದು ನನಗೆ ಗೊತ್ತಾಯ್ತು! ಹ್ಯಾಂಡೋವರ್, ಅಂದರೆ ಹೋಗೋರು ಬರೋರಿಗೆ ರೋಗಿಗಳ ವಿಷಯ ಹೇಳಿ ಒಪ್ಪಿಸೋದು, ನಮ್ಮಲ್ಲಿ ಓಡಾಡುತ್ತಲೇ ಆಗುತ್ತಿತ್ತು, ಅದು ನಿಜ. ಅಮೆರಿಕ, ಕೆನಡಾದ 9 ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ಅದಕ್ಕೊಂದು ಕ್ರಮ ಮಾಡಿದ ಮೇಲೆ ತಪ್ಪುಗಳು 23% ಇಳಿದವು ಅಂತ 2014ರಲ್ಲಿ ಪ್ರಕಟವಾಗಿತ್ತು. ನಾನಂತೂ ಪೋಸ್ಟಿಂಗ್ ಮುಗಿದಾಗ ಯಾವ ರೋಗಿಗೂ ಹೇಳಿ ಹೋಗಲಿಲ್ಲ. ಮರುದಿನ ಕ್ಯಾಂಟೀನಿನಲ್ಲಿ ಸಿಕ್ಕವರೊಬ್ಬರು "ನಮ್ಮವ್ವ ನಿಮ್ಮ ದಾರೀನೇ ನೋಡ್ತಿದ್ದಾಳೆ ಮೇಡಂ" ಅಂದರು. ಈಗಲೂ ನೆನಪಾದರೆ ಒಂಥರಾ ಆಗುತ್ತೆ.

ಯಾದಗಿರಿಯ ಸ್ಟಾಫ್ ನರ್ಸ್:
ರೌಂಡ್ಸ್ ಹೊತ್ತಿಗೆ ಚಹಾಕ್ಕೆ ಹೋಗಬೇಡ್ರಿ, ಅರ್ಧ ಜನ ಆಗಲೇ ಹೋಗಿರ್ತೀರಿ. ತುರಿಕೆ, ಅಲರ್ಜಿ ಏನಿದ್ದರೂ ಸಿಸ್ಟರ್‌ಗೂ ಹೇಳಿಡಿ.

ಕೇಳಿದವರು:
ಇವತ್ತು ನೆನೆಸಿ ಬಿಡಿಸೋಕೆ ಹೇಳಿದೆ. ಅಪ್ಪ ಸುಮ್ನೆ ಮಲಗಿದ್ದವರು, ಡ್ರೆಸಿಂಗ್ ಮುಗಿದ ಮೇಲೆ ಹೊಸ ಡಾಕ್ಟರನ್ನು "ಯಾವೂರು ನಿಂದು?" ಅಂತ ಕೇಳಿದರು. ಅಫಜಲಪುರ ಅಂತೆ. ಮಧ್ಯಾಹ್ನ ಒಂದೂವರೆ ರೊಟ್ಟಿ ತಿಂದರು.