ಆಸ್ಪತ್ರೆಯಿಂದ ಮನೆಗೆ ಬರುವಾಗ ಮಾತ್ರೆ ಎಡವಟ್ಟಾಗದಂತೆ ಏನು ಮಾಡಿದಿರಿ?

ಕೇಳಿದವರು, ಬಸವನಗುಡಿ: ಅಮ್ಮನಿಗೆ 74. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಶನಿವಾರ ಡಿಸ್ಚಾರ್ಜ್. ಮೂರು ವಾರ ಫಿಸಿಯೋಥೆರಪಿ ಕೇಂದ್ರ, ಆಮೇಲೆ ಮನೆ. ಬಿಪಿ, ಶುಗರ್, ಥೈರಾಯ್ಡ್ ಮೂರೂ ಮೊದಲಿಂದ ಇವೆ. ಒಂದೊಂದು ಕಡೆ ಒಬ್ಬೊಬ್ಬ ಡಾಕ್ಟರು. ಮಾತ್ರೆ ಎಲ್ಲಿ ತಪ್ಪುತ್ತದೆ? ಅನುಭವ ಇದ್ದವರು ಹೇಳಿ.

ವಿಜಯನಗರ: ನಮ್ಮ ಮಾವನವರ ಕಥೆ ಕೇಳಿ. ಮನೆಯಲ್ಲಿ ಬಿಪಿಗೆ ಎರಡು ಮಾತ್ರೆ, ಟೆಲ್ಮಿಸಾರ್ಟನ್ ಒಂದು, ಅಮ್ಲೋಡಿಪಿನ್ ಒಂದು. ಆಸ್ಪತ್ರೆಯಲ್ಲಿ ಎರಡೂ ಸೇರಿದ ಒಂದೇ ಮಾತ್ರೆ ಕೊಟ್ಟರು. ಕಂಪನಿ ಬೇರೆ, ಹೆಸರೂ ಬೇರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದೊಂದೇ ಇತ್ತು. ಹಳೆಯದನ್ನು ನಿಲ್ಲಿಸಿ ಅಂತ ಯಾರೂ ಬರೆದಿರಲಿಲ್ಲ. ಅತ್ತೆ ಪಾಪ, ಡಬ್ಬದಲ್ಲಿದ್ದದ್ದನ್ನೂ ಕೊಟ್ಟರು, ಹೊಸದನ್ನೂ ಕೊಟ್ಟರು. ಐದನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದ ಮಾವ ಹಾಗೇ ಗೋಡೆ ಹಿಡಿದು ಕುಸಿದರು. ಬಿಪಿ ನೋಡಿದರೆ 90ಕ್ಕೆ 50. ಪಾದ ಬೇರೆ ಊದಿತ್ತು.

ಈಗ ನಾನು ಡಿಸ್ಚಾರ್ಜ್ ದಿನ ಹಳೆಯ ಸ್ಟ್ರಿಪ್‌ಗಳನ್ನೆಲ್ಲ ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೋಗುತ್ತೇನೆ. ಒಂದೊಂದನ್ನೇ ಡಾಕ್ಟರ ಮುಂದೆ ಇಟ್ಟು, "ಇದು ಇರಲಾ, ನಿಲ್ಲಿಸಲಾ, ಡೋಸ್ ಬದಲಾಯಿತಾ?" ಅಂತ ಕೇಳಿ ಸಮ್ಮರಿ ಮೇಲೇ ಬರೆಸಿಕೊಳ್ಳುತ್ತೇನೆ. ಬಿಲ್ಲು, ಇನ್ಶೂರೆನ್ಸ್ ಗಲಾಟೆ ಶುರುವಾಗುವ ಮುಂಚೆಯೇ ಕೇಳಿ. ಆಮೇಲೆ ಯಾರೂ ಕೈಗೆ ಸಿಗುವುದಿಲ್ಲ.

ನರ್ಸ್, 14 ವರ್ಷದ ಸರ್ವಿಸ್: ಇದರ ಉಲ್ಟಾನೂ ಆಗುತ್ತದೆ. ಆಪರೇಷನ್‌ಗೆ ಅಂತ ಮೆಟ್‌ಫಾರ್ಮಿನ್ ಥರದ ಶುಗರ್ ಮಾತ್ರೆ ನಿಲ್ಲಿಸಿರುತ್ತಾರೆ. ಮತ್ತೆ ಯಾವತ್ತಿಂದ ಶುರು ಅಂತ ಬರೆಯುವುದು ಮರೆತುಹೋಗಿರುತ್ತದೆ. ಸೊಂಟದ ಆಪರೇಷನ್ ಆದಮೇಲೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಇಂಜೆಕ್ಷನ್ನೋ ಮಾತ್ರೆಯೋ ಕೆಲವು ವಾರ ಕೊಡುತ್ತಾರೆ. ಅದರ ಕೊನೆಯ ತಾರೀಖು ಕೇಳಿ ಬರೆಸಿಕೊಳ್ಳಿ. ಕೇಂದ್ರಕ್ಕೆ ಹೋಗುವ ದಿನ, ಯಾವ ಡೋಸ್ ಎಷ್ಟು ಗಂಟೆಗೆ ಆಯಿತು ಅಂತಲೂ ಅವರಿಗೆ ಹೇಳಬೇಕು. ಇಲ್ಲದಿದ್ದರೆ ಅವತ್ತಿನ ಡೋಸ್ ಎರಡು ಸಲ ಆಗುತ್ತದೆ, ಇಲ್ಲಾ ಆಗುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ಹಾನಿ ತಡೆಯಲು ಅಭಿಯಾನ ಶುರು ಮಾಡಿದಾಗ ಮೂರು ವಿಷಯಕ್ಕೆ ಒತ್ತು ಕೊಟ್ಟಿತ್ತು. ರೋಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಹೊತ್ತು ಅದರಲ್ಲಿ ಒಂದು. ನಮಗೆ ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿದ್ದು.

ರಾಜಾಜಿನಗರ: ಇನ್ಸುಲಿನ್ ಇದೆಯಾ? ಇದ್ದರೆ ಬಾಟಲಿ ಮೇಲಿನ ಅಂಕಿ ನೋಡಿ. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್‌ನದೂ ಸಿಗುತ್ತದೆ, 100 ಯೂನಿಟ್‌ನದೂ ಸಿಗುತ್ತದೆ. 40ರ ಸಿರಿಂಜ್‌ಗೆ ಕೆಂಪು ಕ್ಯಾಪ್, 100ರದಕ್ಕೆ ಕಿತ್ತಳೆ. ನಮ್ಮ ತಂದೆಗೆ ಆಸ್ಪತ್ರೆಯಿಂದ 100ರ ಬಾಟಲಿ ಬಂತು, ಮನೆಯಲ್ಲಿದ್ದದ್ದು ಕೆಂಪು ಕ್ಯಾಪ್ ಸಿರಿಂಜ್. ಅದರಲ್ಲಿ 10ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್! ತಂಗಿ ನೋಡಿ ಕೈ ಹಿಡಿದಳು, ಬಚಾವ್.

ಮೆಡಿಕಲ್ ಶಾಪ್, ಹನುಮಂತನಗರ: ಕತ್ತರಿಸಿದ ಸ್ಟ್ರಿಪ್ ತಂದು "ಇದೇ ಕೊಡಿ" ಅನ್ನುತ್ತಾರೆ. ಹೆಸರೇ ಹಾರಿಹೋಗಿರುತ್ತದೆ. ಹೆಸರಿರುವ ತುಂಡನ್ನು ಕೊನೆಗೆ ಉಳಿಸಿ. ಬ್ರ್ಯಾಂಡ್ ಹೆಸರಿನ ಜೊತೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರನ್ನೂ ಬರೆದಿಡಿ. ಇನ್ನೊಂದು, ಗ್ಯಾಸ್ ಮಾತ್ರೆ. ಹತ್ತು ದಿನಕ್ಕೆ ಬರೆದುಕೊಟ್ಟದ್ದನ್ನು ವರ್ಷಗಟ್ಟಲೆ ಸುಮ್ನೆ ನುಂಗುವವರು ನಮ್ಮ ಅಂಗಡಿಗೆ ದಿನಾ ಬರುತ್ತಾರೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇನ್ಸುಲಿನ್ ಇಲ್ಲ, ಸದ್ಯ. ಈಗ ತಾನೇ ಅಮ್ಮನ ಮಾತ್ರೆ ಡಬ್ಬ ತೆರೆದೆ, ಹಳೆಯ ಬಿಸ್ಕತ್ತಿನ ಡಬ್ಬ. ಥೈರಾಯ್ಡ್ ಮಾತ್ರೆಯ ಬಾಟಲಿ ಎರಡಿವೆ. ಒಂದರ ಮೇಲೆ 50, ಇನ್ನೊಂದರ ಮೇಲೆ 75. ಎರಡೂ ಅರ್ಧರ್ಧ ಖಾಲಿ. ಫೋನ್ ಮಾಡಿ ಯಾವುದು ತಗೋತಿದ್ದೆ ಅಂತ ಕೇಳಿದರೆ, "ಯಾವುದು ಕೈಗೆ ಸಿಕ್ಕಿತೋ ಅದು, ಎರಡೂ ಥೈರಾಯ್ಡ್‌ದೇ ಅಲ್ವಾ?" ಅಂದರು. ಡಬ್ಬವನ್ನೇ ಎತ್ತಿಕೊಂಡು ಹೋಗುತ್ತೇನೆ.